ಗೆಳತಿಯ ಡೋಸು ನಿಮ್ಮ ಡೋಸಲ್ಲ

ದಾವಣಗೆರೆಯ ಯಾವ ವೈದ್ಯರೂ ಸಕ್ಕರೆ ಕಾಯಿಲೆಯ ಇಬ್ಬರಿಗೆ ಕಣ್ಣು ಮುಚ್ಚಿ ಒಂದೇ ಯೂನಿಟ್ ಇನ್ಸುಲಿನ್ ಬರೆಯುವುದಿಲ್ಲ. ಥೈರಾಯ್ಡ್ ಮಾತ್ರೆಯೂ ರಕ್ತದ ವರದಿ ನೋಡಿಯೇ 25, 50, 100 ಎಂದು ಏರಿಳಿಯುತ್ತದೆ. ಟ್ರಾನ್ಸ್ ಮಹಿಳೆಯರ ಹಾರ್ಮೋನಿನ ಮಾತು ಬಂದಾಗ ಮಾತ್ರ ಈ ವಿವೇಕ ಎಲ್ಲಿ ಅಡಗುತ್ತದೋ! ಆಸ್ಪತ್ರೆಗೆ ಹೋಗಲು ಅಂಜಿದವರು ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಗುಳಿಗೆ ತಂದು, ಗೆಳತಿ ಹೇಳಿದ ಲೆಕ್ಕದಲ್ಲಿ ನುಂಗುವುದು ದೇಶದ ಹಲವೆಡೆ ನಡೆದುಬಂದಿದೆ. ಮಾಲಾ-ಡಿ ಪಟ್ಟಿಯನ್ನೇ ತಿರುಗಿಸಿ ನೋಡಿ. 28 ಗುಳಿಗೆಗಳಲ್ಲಿ 7 ಬರೀ ಕಬ್ಬಿಣಾಂಶದವು. ಉಳಿದ 21ರಲ್ಲಿ ಎಥಿನೈಲ್ ಎಸ್ಟ್ರಡೈಯಾಲ್ ಮತ್ತು ಲೆವೊನಾರ್ಜೆಸ್ಟ್ರೆಲ್ ಇವೆ. ಮೊದಲನೆಯದು ರಕ್ತ ಹೆಪ್ಪುಗಟ್ಟಿಸುತ್ತದೆಂದು ಈ ಚಿಕಿತ್ಸೆಯಿಂದಲೇ ಕೈಬಿಟ್ಟ ಔಷಧ. ಎರಡನೆಯದಕ್ಕೆ ತುಸು ಗಂಡು ಹಾರ್ಮೋನಿನದೇ ಗುಣ.

ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿ ಗುರಿಯನ್ನು ರಕ್ತದಲ್ಲಿಟ್ಟಿದೆ: ಹೆಣ್ಣು ಹಾರ್ಮೋನಾದ ಎಸ್ಟ್ರಡೈಯಾಲ್ ಮಿಲಿಲೀಟರಿಗೆ 100ರಿಂದ 200 ಪಿಕೊಗ್ರಾಂ, ಟೆಸ್ಟೋಸ್ಟೆರಾನ್ ಡೆಸಿಲೀಟರಿಗೆ 50 ನ್ಯಾನೊಗ್ರಾಮಿಗಿಂತ ಕಡಿಮೆ. ಅಲ್ಲಿಗೆ ತಲುಪಲು ಎಸ್ಟ್ರಡೈಯಾಲ್ ಮಾತ್ರೆ ದಿನಕ್ಕೆ 2ರಿಂದ 6 ಮಿಲಿಗ್ರಾಂ, ಅಂದರೆ ಮೂರು ಪಟ್ಟು ಅಂತರ. ನುಂಗಿದ ಮಾತ್ರೆ ಯಕೃತ್ತನ್ನು ದಾಟಿ ಬರಬೇಕಾದ್ದರಿಂದ ಒಬ್ಬೊಬ್ಬರ ರಕ್ತದಲ್ಲಿ ಒಂದೊಂದು ಮಟ್ಟ ಕಾಣುತ್ತದೆ. ವಯಸ್ಸಾದವರಿಗೆ, ಬೀಡಿ ಸೇದುವವರಿಗೆ ಚರ್ಮದ ಮೂಲಕ ಕೊಡುವುದೇ ಕ್ಷೇಮ. ನಿರ್ವಾಣ ಆದವರ, ಅಂದರೆ ವೃಷಣ ತೆಗೆಸಿಕೊಂಡವರ ಲೆಕ್ಕವಂತೂ ಪೂರ್ತಿ ಬೇರೆ. ಟೆಸ್ಟೋಸ್ಟೆರಾನ್ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಅವರಿಗೆ ಬೇಕಿಲ್ಲ, ಆದರೆ ಎಸ್ಟ್ರಡೈಯಾಲ್ ಬಿಟ್ಟರೆ ಮೂಳೆ ಸವೆಯುತ್ತದೆ. ನಿರ್ವಾಣ ಆಗದ ಗೆಳತಿಯ ಚೀಟಿ ಹಿಡಿದು ಇವರು ಮಾತ್ರೆ ಕೊಂಡರೆ ಬೇಡದ್ದು ಹೊಟ್ಟೆ ಸೇರುತ್ತದೆ, ಬೇಕಾದ್ದರ ಅಳತೆ ತಪ್ಪುತ್ತದೆ.

ಹೆಚ್ಚು ನುಂಗಿದರೆ ಬೇಗ ಫಲವೆಂಬ ನಂಬಿಕೆ ಗಟ್ಟಿಯಾಗಿದೆ. ಯುರೋಪಿನಲ್ಲಿ 229 ಟ್ರಾನ್ಸ್ ಮಹಿಳೆಯರನ್ನು ಒಂದು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತದ ಎಸ್ಟ್ರಡೈಯಾಲ್ ಮಟ್ಟ ನೋಡಿ ಸ್ತನದ ಬೆಳವಣಿಗೆ ಊಹಿಸಲು ಆಗಲಿಲ್ಲ. ಇನ್ನು ಈ ಚಿಕಿತ್ಸೆಯ ಖರ್ಚು ಯಾರು ಕೊಡಬೇಕು ಎಂಬ ಪ್ರಶ್ನೆಗೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ 2019ರ ಕಾಯ್ದೆಯ 15ನೇ ಕಲಮಿನಲ್ಲೇ ಉತ್ತರವಿದೆ: ಹಾರ್ಮೋನ್ ಚಿಕಿತ್ಸೆ ಒದಗಿಸುವುದು ಸರ್ಕಾರದ ಹೊಣೆ. ನನಗೆ ತೂಕದ್ದೆನಿಸುವ ಆಕ್ಷೇಪ ಬೇರೆಯೇ ಇದೆ. ವ್ಯಕ್ತಿಗೆ ತಕ್ಕ ಡೋಸು ಎಂಬುದು ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು ಸತಾಯಿಸಲು ನೆಪವಾಗಬಹುದು. ಹಾಗಾಗಬಾರದೆಂದರೆ ಮೊದಲ ವರದಿ ಸರಿಯಿದ್ದೊಡನೆ ಕಡಿಮೆ ಡೋಸಿನಲ್ಲಿ ಶುರುಮಾಡಿ, ಮೂರು ತಿಂಗಳಿಗೆ ನೋಡಿ ತಿದ್ದಬೇಕು. ಎರಡು ವೈದ್ಯಕೀಯ ಕಾಲೇಜು, ಚಿಗಟೇರಿ ಜಿಲ್ಲಾಸ್ಪತ್ರೆ ಇರುವ ಊರಿಗೆ ಇದು ಮೀರಿದ ಕೆಲಸವೇನಲ್ಲ. ಸಾರಥಿಯಂಥ ಹಳ್ಳಿಯವರು ದಾವಣಗೆರೆವರೆಗೆ ಬಾರದೆ ಹತ್ತಿರದ ಹರಿಹರದಲ್ಲೇ ರಕ್ತ ಕೊಟ್ಟು ಹೋಗುವಂತಾದರೆ ಒಂದು ದಿನದ ದುಡಿಮೆಯೂ ಉಳಿದೀತು. ವರದಿ ಓದುವವರು ಮಾತ್ರ ತುಸು ಎಚ್ಚರದಿಂದಿರಬೇಕು. ಆಧಾರಿನಲ್ಲಿ ಇನ್ನೂ ‘ಪುರುಷ’ ಎಂದೇ ಇದ್ದರೆ ಲ್ಯಾಬಿನ ಕಂಪ್ಯೂಟರ್ ಗಂಡಸರ ಮಿತಿಯನ್ನೇ ಅಚ್ಚುಹಾಕಿ, ಸರಿಯಾಗಿರುವ ಎಸ್ಟ್ರಡೈಯಾಲಿನ ಎದುರೂ ‘ಹೆಚ್ಚು’ ಎಂದು ಗುರುತು ಮಾಡಿರುತ್ತದೆ.