ಗ್ರೈಂಡರ್ ರಿಪೇರಿಗೂ ಒಂದು ಸಹಿ ಬೇಕು

ದಕ್ಷಿಣ ಕೋಲ್ಕತ್ತದ ಲೇಕ್ ಮಾರ್ಕೆಟ್ ಸುತ್ತಮುತ್ತ ದಕ್ಷಿಣ ಭಾರತದ ಕುಟುಂಬಗಳು ಬಹಳ ಹಿಂದಿನಿಂದಲೂ ಇವೆ. ಹಾಗಾಗಿ ಇಲ್ಲಿ ಕರಿಬೇವು, ಬಾಳೆಎಲೆ, ಕಾಫಿಪುಡಿ ಸಿಗುತ್ತವೆ. ಕೆಟ್ಟುಹೋದ ವೆಟ್ ಗ್ರೈಂಡರನ್ನು ಬಿಚ್ಚಿ ಸರಿಮಾಡುವವರೂ ಸಿಗುತ್ತಾರೆ. ನಮ್ಮ ಮನೆಯ ಗ್ರೈಂಡರ್, ಮಿಕ್ಸಿ, ಇನ್ವರ್ಟರ್ ಎಲ್ಲ ಹೋಗುವುದು ಒಂದೇ ಅಂಗಡಿಗೆ. ಅಲ್ಲಿರುವುದು ಮಾಲೀಕರು ಮತ್ತು ಕೆಲಸ ಕಲಿಯುತ್ತಿರುವ ಒಬ್ಬ ಹುಡುಗ, ಇಬ್ಬರೇ. ಮಾಲೀಕರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಅವರನ್ನು ದಾದಾ ಅನ್ನುತ್ತೇನೆ, ಅವರು ನನ್ನನ್ನು ದೀದಿ ಅನ್ನುತ್ತಾರೆ.

ಹೋದ ಮಳೆಗಾಲದಲ್ಲಿ ಒಂದು ಸಂಜೆ ನಾನು ಹೋದಾಗ ಅಂಗಡಿಯ ಮುಂದೆ ಜಗಳ ನಡೆಯುತ್ತಿತ್ತು. ಗಿರಾಕಿಯೊಬ್ಬರು ಇನ್ವರ್ಟರ್ ಕೊಟ್ಟು ಹೋಗಿದ್ದರು. ದಾದಾ ಅದರ ಬೋರ್ಡ್ ಬದಲಾಯಿಸಿ 3,800 ರೂಪಾಯಿ ಕೇಳಿದರು. ‘ನಾನು ನೋಡಿ ಅಂತ ಹೇಳಿದ್ದೆ, ಬದಲಾಯಿಸಿ ಅಂತ ಹೇಳಿರಲಿಲ್ಲ’ ಎಂದು ಗಿರಾಕಿ. ‘ನೀವು ಹೇಳಿದ್ದಕ್ಕೇ ಮಾಡಿದ್ದು’ ಎಂದು ದಾದಾ. ಕೊನೆಗೆ ಆತ 1,500 ರೂಪಾಯಿ ಮೇಜಿನ ಮೇಲಿಟ್ಟು ಇನ್ವರ್ಟರ್ ಎತ್ತಿಕೊಂಡು ಹೋದರು. ಬೋರ್ಡಿಗೆ ಕೈಯಿಂದ ಹಾಕಿದ ದುಡ್ಡೇ ಅದಕ್ಕಿಂತ ಹೆಚ್ಚು. ದಾದಾ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು ನನ್ನ ಕಡೆ ತಿರುಗಿ ಕೇಳಿದರು: ‘ದೀದಿ, ನೀವು ಕರಾರುಪತ್ರಗಳನ್ನೆಲ್ಲ ಅನುವಾದ ಮಾಡುತ್ತೀರಲ್ಲ, ನನಗೂ ಒಂದು ಬರೆದುಕೊಡಿ.’

ಆ ಒಂದು ಹಾಳೆ ಬರೆಯಲು ಹೋಗಿ ನಾನು ಕಲಿತದ್ದು ಈ ಬರಹ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಎಷ್ಟೇ ಚಿಕ್ಕ ರಿಪೇರಿ ಅಂಗಡಿಯಾದರೂ ಗಿರಾಕಿಯ ಸಹಿ ಇರುವ ಒಂದು ಚೀಟಿ ಇಟ್ಟುಕೊಳ್ಳಬೇಕು. ಆದರೆ ಆ ಚೀಟಿ ಅಂಗಡಿಯವರ ಗುರಾಣಿಯಾಗಬಾರದು. ಇಬ್ಬರೂ ಆಡಿದ ಮಾತಿನ ನೆನಪಾಗಿರಬೇಕು.

ಆ ಜಗಳದಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ ಎಂದೇ ನನಗನ್ನಿಸುತ್ತದೆ. ಗಿರಾಕಿ ಬಂಗಾಳಿಯಲ್ಲಿ ಹೇಳಿದ್ದು ‘ಏಕ್ಟು ದೇಖೆ ದಿನ್’. ಕನ್ನಡದಲ್ಲಿ ‘ಸ್ವಲ್ಪ ನೋಡಿಕೊಡಿ’. ನೋಡಿ ಏನಾಗಿದೆ ಹೇಳಿ ಎಂಬ ಅರ್ಥವೂ ಅದಕ್ಕಿದೆ, ನೋಡಿ ಸರಿಮಾಡಿಕೊಡಿ ಎಂಬ ಅರ್ಥವೂ ಇದೆ. ಬಂಗಾಳಿ ಇಂಡೋ-ಆರ್ಯನ್ ಭಾಷೆ, ಕನ್ನಡ ದ್ರಾವಿಡ. ಆದರೂ ಒಂದು ಕ್ರಿಯಾಪದದ ಬೆನ್ನಿಗೆ ‘ಕೊಡು’ ಸೇರಿಸಿ ಉಪಕಾರದ ಅರ್ಥ ತರುವ ಅಭ್ಯಾಸ ಎರಡರಲ್ಲೂ ಇದೆ. ಭಾಷಾವಿಜ್ಞಾನಿ ಎಂ. ಬಿ. ಎಮೆನೋ 1956ರಲ್ಲಿ ಭಾರತವನ್ನು ‘ಒಂದು ಭಾಷಿಕ ಪ್ರದೇಶ’ ಎಂದು ಕರೆದದ್ದು ಕುಲ ಬೇರೆಯಾದ ಭಾಷೆಗಳು ಹೀಗೆ ಹಂಚಿಕೊಂಡ ಲಕ್ಷಣಗಳನ್ನು ನೋಡಿಯೇ. ತರಗತಿಯಲ್ಲಿ ಓದಿದಾಗ ಇದು ಸೊಗಸಾದ ವಿಷಯವಾಗಿ ಕಂಡಿತ್ತು. ಇಲ್ಲಿ ಅದೇ ಸೊಗಸಿಗೆ ದಾದಾ 2,300 ರೂಪಾಯಿ ಕಳೆದುಕೊಂಡರು.

ರಿಪೇರಿಯವರ ಮಾತೂ ಕಡಿಮೆಯೇನಲ್ಲ. ಯಾವಾಗ ಆಗುತ್ತದೆ ಎಂದರೆ ‘ಹೊಯೆ ಜಾಬೆ’, ಅಂದರೆ ‘ಆಗಿಹೋಗುತ್ತೆ’. ಮಾಡುವವರು ಯಾರು, ಯಾವ ದಿನ, ಎಷ್ಟಕ್ಕೆ ಎಂಬುದು ಆ ಮಾತಿನಲ್ಲಿ ಇಲ್ಲ. ನಮ್ಮ ಊರುಗಳಲ್ಲಿ ‘ಆಗುತ್ತೆ ಬಿಡಿ ಸಾರ್’ ಎನ್ನುವುದೂ ಇದನ್ನೇ. ಗಿರಾಕಿ ಅದನ್ನು ‘ನಾಳೆ’ ಎಂದು ಕೇಳಿಸಿಕೊಳ್ಳುತ್ತಾರೆ. ರಿಪೇರಿಯವರು ಹೇಳಿದ್ದು ‘ಪಾರ್ಟ್ ಸಿಕ್ಕಿದರೆ’ ಎಂದು.

ಸಹಿ ಇಲ್ಲದಿದ್ದರೆ ಕಾನೂನೇ ಇಲ್ಲ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಭಾರತೀಯ ಕರಾರು ಕಾಯ್ದೆ 1872ರದ್ದು, ಕಲ್ಕತ್ತ ದೇಶದ ರಾಜಧಾನಿಯಾಗಿದ್ದ ಕಾಲದ್ದು. ಅದರ ಪ್ರಕಾರ ಬಾಯಿಮಾತಿನ ಕರಾರೂ ಕರಾರೇ. ಒಂದು ಕೆಲಸಕ್ಕಾಗಿ ನಮ್ಮ ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸ್ ಪಡೆಯುವ ವ್ಯವಹಾರಕ್ಕೆ ಅದು ‘ಬೇಲ್‌ಮೆಂಟ್’ ಎಂದು ಹೆಸರಿಟ್ಟು, 148ನೇ ಕಲಮಿನಿಂದ ನಿಯಮಗಳನ್ನು ಹೇಳುತ್ತದೆ. ಸಾಧಾರಣ ವಿವೇಕವುಳ್ಳ ಮನುಷ್ಯ ತನ್ನದೇ ಅಂಥ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನವನ್ನು ರಿಪೇರಿಯವರು ಮಾಡಬೇಕು ಎನ್ನುತ್ತದೆ 151ನೇ ಕಲಮು. ದುಡಿಮೆ ಅಥವಾ ಕೌಶಲ ಹಾಕಿ ಕೆಲಸ ಮಾಡಿದವರು ತಮಗೆ ಸಲ್ಲಬೇಕಾದ ಹಣ ಬರುವ ತನಕ ಆ ವಸ್ತುವನ್ನು ಇಟ್ಟುಕೊಳ್ಳಬಹುದು ಎನ್ನುತ್ತದೆ 170ನೇ ಕಲಮು.

ಈ 170ನೇ ಕಲಮಿನ ಕೆಳಗೆ ಕಾಯ್ದೆಯೇ ಎರಡು ಉದಾಹರಣೆ ಕೊಟ್ಟಿದೆ. ವಜ್ರ ಕತ್ತರಿಸಿ ಹೊಳಪು ಕೊಟ್ಟ ಅಕ್ಕಸಾಲಿ ಕೂಲಿ ಬರುವ ತನಕ ಕಲ್ಲನ್ನು ಇಟ್ಟುಕೊಳ್ಳಬಹುದು. ಆದರೆ ಕೋಟು ಹೊಲಿದ ಕೂಡಲೇ ಕೊಡುತ್ತೇನೆ, ಹಣಕ್ಕೆ ಮೂರು ತಿಂಗಳು ಸಮಯ ಇರಲಿ ಎಂದು ಮಾತು ಕೊಟ್ಟ ದರ್ಜಿ ಇಟ್ಟುಕೊಳ್ಳುವಂತಿಲ್ಲ. ನಾನಿದನ್ನು ದಾದಾಗೆ ಹೇಳಿದಾಗ ಅವರು ನಕ್ಕರು. ಪರಿಚಯದವರಿಗೆಲ್ಲ ಅವರು ಹೇಳುವುದು ‘ದುಡ್ಡು ಆಮೇಲೆ ಕೊಡಿ’ ಎಂದೇ. ಒಳ್ಳೆಯ ಮಾತು ಆಡುತ್ತಿದ್ದೇನೆ ಎಂದುಕೊಂಡು ಅವರು ತಮ್ಮ ಹಕ್ಕನ್ನೇ ಬಿಟ್ಟುಕೊಡುತ್ತಿದ್ದರು.

ಅಂದರೆ ಹಕ್ಕುಗಳು ಮೊದಲಿನಿಂದಲೂ ಇವೆ. ಇಲ್ಲದ್ದು ಯಾರು ಏನು ಹೇಳಿದರು ಎಂಬುದರ ದಾಖಲೆ. ಚೀಟಿ ಬೇಕಾಗಿರುವುದು ಅಷ್ಟಕ್ಕೇ.

ಆದರೆ ನಾನು ಮೊದಲು ಬರೆದುಕೊಟ್ಟದ್ದು ಅಂಥದ್ದಲ್ಲ. ಕಂಪನಿಗಳಿಗೆ ಅನುವಾದ ಮಾಡಿ ಮಾಡಿ ಕೈಗೆ ಬಂದ ಶೈಲಿಯಲ್ಲಿ ಎರಡು ಪುಟ, ಹತ್ತೊಂಬತ್ತು ಶರತ್ತು. ಹಾನಿಗೆ ಹೊಣೆಯಲ್ಲ, ತಡಕ್ಕೆ ಹೊಣೆಯಲ್ಲ, ಕಳೆದುಹೋದರೆ ಹೊಣೆಯಲ್ಲ. ದಾದಾ ನಿಧಾನವಾಗಿ ಓದಿ ವಾಪಸ್ ಕೊಟ್ಟರು. ‘ದೀದಿ, ಇದಕ್ಕೆ ನಾನೇ ಆದರೂ ಸಹಿ ಹಾಕುವುದಿಲ್ಲ.’

ನನಗೆ ನಾಚಿಕೆಯಾಯಿತು. ಯಾಕೆಂದರೆ ಅಂಥ ಚೀಟಿಗೆ ನಾನೇ ಒಮ್ಮೆ ಸಹಿ ಹಾಕಿ ಪೆಟ್ಟು ತಿಂದವಳು. ಕೆಲವು ವರ್ಷಗಳ ಹಿಂದೆ ಬೇರೆ ಒಂದು ಅಂಗಡಿಗೆ ಲ್ಯಾಪ್‌ಟಾಪ್ ಕೊಟ್ಟಿದ್ದೆ. ಕೆಟ್ಟಿದ್ದದ್ದು ಕೀಬೋರ್ಡ್. ವಾಪಸ್ ಬಂದಾಗ ಡಿಸ್ಕ್ ಖಾಲಿಯಾಗಿತ್ತು, ಅದರೊಂದಿಗೆ ಅರವತ್ತು ಪುಟದ ಅನುವಾದವೂ ಹೋಗಿತ್ತು. ಬೇರೆ ಪ್ರತಿ ಇಟ್ಟುಕೊಳ್ಳದಿದ್ದದ್ದು ನನ್ನ ತಪ್ಪು. ಆದರೆ ಕೀಬೋರ್ಡ್ ಬದಲಾಯಿಸಲು ಡಿಸ್ಕ್ ಯಾಕೆ ಅಳಿಸಿದಿರಿ ಎಂದು ಕೇಳಿದಾಗ ಅವರು ಉತ್ತರ ಹೇಳಲಿಲ್ಲ. ಚೀಟಿಯ ಬೆನ್ನು ತಿರುಗಿಸಿ ತೋರಿಸಿದರು. ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ‘ಡೇಟಾಗೆ ನಾವು ಜವಾಬ್ದಾರರಲ್ಲ’ ಎಂದಿತ್ತು. ಮುಂದೆ ನನ್ನ ಸಹಿ.

ಇಂಥ ಚೀಟಿಗಳನ್ನು ನ್ಯಾಯಾಲಯಗಳು ಕಣ್ಣುಮುಚ್ಚಿ ಒಪ್ಪಿಲ್ಲ. 1966ರ ಕಾನೂನು ವರದಿಯಲ್ಲಿ ಮದ್ರಾಸ್ ಹೈಕೋರ್ಟಿನ ಒಂದು ಪ್ರಕರಣವಿದೆ, ಲಿಲಿ ವೈಟ್ ವಿರುದ್ಧ ಮುನುಸ್ವಾಮಿ. ಲಾಂಡ್ರಿಗೆ ಕೊಟ್ಟ ಸೀರೆ ಕಳೆದುಹೋಯಿತು. ಕಳೆದರೆ ಬೆಲೆಯ ಶೇ. 15ರಷ್ಟು ಮಾತ್ರ ಕೊಡುತ್ತೇವೆ ಎಂದು ರಶೀದಿಯ ಮೇಲೆ ಅಚ್ಚಾಗಿತ್ತು. ಅಂಥ ಶರತ್ತು ಸಾರ್ವಜನಿಕ ನೀತಿಗೆ ವಿರುದ್ಧ ಎಂದಿತು ಕೋರ್ಟು. ಅದನ್ನು ಒಪ್ಪಿದರೆ ಕಳೆದುಹಾಕುವುದೇ ಲಾಭವಾಗಿಬಿಡುತ್ತದಲ್ಲ. 1986ರಲ್ಲಿ ಬ್ರೋಜೋನಾಥ್ ಗಂಗೂಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನೂ ವಿಸ್ತರಿಸಿ ಹೇಳಿತು. ಅದು ಇದೇ ಊರಿನ ಸರಕಾರಿ ಜಲಸಾರಿಗೆ ನಿಗಮದ ನೌಕರಿಯ ಕರಾರಿನ ವಿಷಯ. ಬಲದಲ್ಲಿ ಸಮಾನರಲ್ಲದ ಇಬ್ಬರ ನಡುವೆ, ದುರ್ಬಲರು ಬೇರೆ ದಾರಿಯಿಲ್ಲದೆ ಸಹಿ ಹಾಕಿದ ಅನ್ಯಾಯದ ಶರತ್ತು ನಿಲ್ಲುವುದಿಲ್ಲ ಎಂಬುದು ಅದರ ಸಾರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ನ್ಯಾಯಸಮ್ಮತವಲ್ಲದ ಕರಾರು’ ಎಂಬುದನ್ನೇ ವ್ಯಾಖ್ಯಾನಿಸಿದೆ. ಆದರೆ ಅಂಥ ಶರತ್ತನ್ನು ಅಸಿಂಧು ಎನ್ನುವ ಅಧಿಕಾರ ಇರುವುದು ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ, ಜಿಲ್ಲಾ ಆಯೋಗಕ್ಕಲ್ಲ. ಒಂದು ಮಿಕ್ಸಿಗಾಗಿ ಅಲ್ಲಿಯವರೆಗೆ ಹೋಗುವವರು ಯಾರು? ಆದ್ದರಿಂದ ಚೀಟಿ ಬರೆಯುವಾಗಲೇ ನ್ಯಾಯವಾಗಿರಬೇಕು.

ಇನ್ನು ಸಹಿ ಕೇಳುವುದೇ ಅವಮಾನ ಎನ್ನುವವರ ಮಾತು. ‘ಇಷ್ಟು ವರ್ಷದ ಪರಿಚಯ, ಈಗ ಸಹಿ ಕೇಳುತ್ತೀರಾ?’ ಈ ಅಳುಕು ದಾದಾಗೂ ಇತ್ತು. ನಾನು ಅವರಿಗೆ ಹಾಲ್‌ಖಾತಾ ನೆನಪಿಸಿದೆ. ಬಂಗಾಳಿ ಹೊಸವರ್ಷ ಪೊಯ್ಲಾ ಬೊಯ್ಶಾಖ್ ದಿನ ಇಲ್ಲಿನ ಅಂಗಡಿಯವರು ಗಣೇಶ-ಲಕ್ಷ್ಮಿಯರ ಮುಂದೆ ಕೆಂಪು ಬಟ್ಟೆಯ ಹೊಸ ಲೆಕ್ಕದ ಪುಸ್ತಕ ಇಟ್ಟು ಪೂಜೆ ಮಾಡುತ್ತಾರೆ. ಗಿರಾಕಿಗಳು ಬಂದು ಹಳೆ ಬಾಕಿ ತೀರಿಸಿ, ಸಿಹಿತಿಂಡಿಯ ಪೊಟ್ಟಣ, ಕ್ಯಾಲೆಂಡರ್ ತೆಗೆದುಕೊಂಡು ಹೋಗುತ್ತಾರೆ. ನಮ್ಮ ಕಡೆ ದೀಪಾವಳಿಯಲ್ಲಿ ಅಂಗಡಿ ಪೂಜೆಗೆ ಲೆಕ್ಕದ ಪುಸ್ತಕ ಇಡುವುದೂ ಹೀಗೆಯೇ. ಬರೆದಿಡುವುದು ನಂಬಿಕೆಗೆ ವಿರುದ್ಧವಾಗಿದ್ದರೆ ಪುಸ್ತಕಕ್ಕೆ ಕುಂಕುಮ ಇಡುತ್ತಿದ್ದೆವೇ? ಬಂಗಾಳಿಯಲ್ಲಿ ಸಹಿಗೆ ‘ಶೋಯಿ’ ಎನ್ನುತ್ತಾರೆ. ನಮ್ಮ ‘ಸಹಿ’ಯಂತೆ ಅದೂ ಸರಿ ಎಂಬ ಅರ್ಥದ ಅರಬ್ಬಿ ಪದದಿಂದ ಬಂದದ್ದು. ‘ಸಖಿ’ಯಿಂದ ಬಂದ ಇನ್ನೊಂದು ‘ಶೋಯಿ’ಯೂ ಇದೆ, ಅದರ ಅರ್ಥ ಗೆಳತಿ. ಎರಡಕ್ಕೂ ಸಂಬಂಧವಿಲ್ಲ. ಆದರೂ ದಾದಾಗೆ ಈ ಮಾತು ಇಷ್ಟವಾಯಿತು.

ಸಮಯ ಎಲ್ಲಿದೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಗಿರಾಕಿ ಸ್ಕೂಟರಿನಿಂದ ಇಳಿಯುವುದೇ ಇಲ್ಲ, ಒಳಗೆ ಹುಡುಗನ ಕೈ ತುಂಬ ಗ್ರೀಸ್. ಹಾಗಾಗಿ ಚೀಟಿ ಎರಡು ನಿಮಿಷದಲ್ಲಿ ತುಂಬುವಂತಿರಬೇಕು. ಎರಡನೇ ಬಾರಿ ನಾವು ಬರೆದದ್ದು ಅರ್ಧ ಹಾಳೆ. ಬಂಗಾಳಿಯಲ್ಲಿ ಒಂದು, ಹಿಂದಿಯಲ್ಲಿ ಒಂದು. ಓದಲು ಬಾರದ ಭಾಷೆಯಲ್ಲಿ ಹಾಕಿಸಿದ ಸಹಿಗೆ ಒಪ್ಪಿಗೆ ಎಂದು ಹೆಸರಿಡುವುದು ಸರಿಯಲ್ಲ.

ಅದರಲ್ಲಿ ಇರುವುದು ಇಷ್ಟು. ವಸ್ತು ಯಾವುದು, ಸೀರಿಯಲ್ ನಂಬರ್ ಏನು, ಬಂದಾಗ ಎಲ್ಲಿ ಒಡೆದಿತ್ತು, ಏನು ಜೊತೆಗಿತ್ತು. ತೊಂದರೆ ಏನೆಂದು ಗಿರಾಕಿಯ ಮಾತಿನಲ್ಲೇ ಒಂದು ಸಾಲು. ಆಮೇಲೆ ಎರಡು ಚೌಕ: ‘ನೋಡಿ ಹೇಳಿ’, ‘ನೋಡಿ ಸರಿಮಾಡಿ’. ಯಾವುದೋ ಒಂದಕ್ಕೆ ಟಿಕ್. ನೋಡುವುದಕ್ಕೆ ಎಷ್ಟು, ಸರಿಮಾಡಲು ಹೆಚ್ಚೆಂದರೆ ಎಷ್ಟು. ಅದನ್ನು ಮೀರಿದರೆ ಕೇಳಿಯೇ ಮಾಡುತ್ತೇವೆ. ತೆಗೆದ ಹಳೆ ಪಾರ್ಟ್ ವಾಪಸ್ ಕೊಡುತ್ತೇವೆ. ಮಾಡಿದ ಕೆಲಸಕ್ಕೆ ಎಷ್ಟು ದಿನದ ಗ್ಯಾರಂಟಿ. ಹಣ ಕೊಟ್ಟು ವಸ್ತು ಒಯ್ಯುವುದು. ಕೆಳಗೆ ಇಬ್ಬರ ಸಹಿ. ಅಂಗಡಿಯವರ ಸಹಿಯೂ ಇರಬೇಕೆಂದು ಹಟ ಹಿಡಿದದ್ದು ನಾನು. ಒಂದು ಪ್ರತಿ ಗಿರಾಕಿಗೆ.

ಕೊನೆಯ ಸಾಲಿಗೆ ಬಹಳ ಹೊತ್ತು ಹಿಡಿಯಿತು. ಒಯ್ಯಲು ಬರದೇ ಬಿಟ್ಟುಹೋದ ವಸ್ತುಗಳ ಪ್ರಶ್ನೆ ಅದು. ದಾದಾನ ಅಟ್ಟದಲ್ಲಿ ಇಂಥ ಫ್ಯಾನು, ಮಿಕ್ಸಿ ರಾಶಿಯೇ ಇದೆ. ‘30 ದಿನದ ನಂತರ ನಾವು ಜವಾಬ್ದಾರರಲ್ಲ’ ಎಂಬ ಬೋರ್ಡು ನೀವೂ ನೋಡಿರುತ್ತೀರಿ. ಆದರೆ 170ನೇ ಕಲಮು ಕೊಡುವುದು ಇಟ್ಟುಕೊಳ್ಳುವ ಹಕ್ಕನ್ನು. ಮಾರುವ ಹಕ್ಕನ್ನು ಅದು ಕೊಡುವುದಿಲ್ಲ. ಗೋಡೆಯ ಮೇಲಿನ ಬೋರ್ಡಿನಿಂದ ಇನ್ನೊಬ್ಬರ ಮಿಕ್ಸಿ ನಮ್ಮದಾಗುವುದಿಲ್ಲ. ಕೊನೆಗೆ ನಾವು ಬರೆದದ್ದು: ತಯಾರಾದ ಮೇಲೆ 90 ದಿನ ಇಡುತ್ತೇವೆ, ಎರಡು ಸಲ ತಿಳಿಸುತ್ತೇವೆ, ಆಮೇಲೂ ಬರದಿದ್ದರೆ ಮಾರಲು ನನ್ನ ಒಪ್ಪಿಗೆ ಇದೆ, ಬಾಕಿ ಕಳೆದು ಉಳಿದ ಹಣ ನನ್ನದು. ಗಿರಾಕಿ ಮೊದಲೇ ಓದಿ ಒಪ್ಪಿದ್ದರೆ ಮುಂದೆ ಜಗಳಕ್ಕೆ ಎಡೆ ಕಡಿಮೆ.

ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ಕೆಲವರು ಸಹಿ ಹಾಕದೆ ಬೇರೆ ಅಂಗಡಿಗೆ ಹೋದರು. ಹಳೆಯ ಗಿರಾಕಿಗಳ ಹತ್ತಿರ ದಾದಾ ಈಗಲೂ ಕೇಳುವುದಿಲ್ಲ, ಕೇಳಿ ಎಂದು ನಾನು ಒತ್ತಾಯಿಸಿದರೂ. ‘ನೋಡಿ ಹೇಳಿ’ ಚೌಕಕ್ಕೆ ಟಿಕ್ ಹಾಕುವವರೇ ಹೆಚ್ಚಾದ್ದರಿಂದ ಫೋನು ಮಾಡುವ ಕೆಲಸವೂ ಹೆಚ್ಚಾಗಿದೆ. ಆದರೆ ಬೋರ್ಡ್ ಬದಲಾಯಿಸಿ ದುಡ್ಡು ಕಳೆದುಕೊಂಡದ್ದು ಅದಾದ ಮೇಲೆ ಒಮ್ಮೆಯೂ ಆಗಿಲ್ಲ ಎನ್ನುತ್ತಾರೆ.

ಹೋದ ತಿಂಗಳು ನಮ್ಮ ಗ್ರೈಂಡರಿನ ಬೆಲ್ಟ್ ಹರಿಯಿತು. ತೆಗೆದುಕೊಂಡು ಹೋಗಿ ‘ಏಕ್ಟು ದೇಖೆ ದಿನ್’ ಎಂದೆ. ಹುಡುಗ ಕೈ ಒರೆಸಿಕೊಂಡು ಚೀಟಿಪುಸ್ತಕ ಮುಂದೆ ಇಟ್ಟ. ‘ದೀದಿ, ಯಾವ ಚೌಕ?’ ನಾನು ಎರಡನೆಯದಕ್ಕೆ ಟಿಕ್ ಹಾಕಿ, ಹೆಚ್ಚೆಂದರೆ 600 ಎಂದು ಬರೆದು ಸಹಿ ಹಾಕಿದೆ.