ಗಂಟಲುನೋವೂ ಗುಂಡಿಗೆಯೂ

ಮಕ್ಕಳಿಗೆ ಗಂಟಲುನೋವು ಬರುವುದನ್ನು ನಾವಾರೂ ದೊಡ್ಡ ವಿಷಯವಾಗಿ ಎಣಿಸುವುದಿಲ್ಲ. ಉಪ್ಪುನೀರು ಮುಕ್ಕಳಿಸಿದರೆ ನಾಲ್ಕು ದಿನಗಳಲ್ಲಿ ಹುಡುಗ ಮತ್ತೆ ಶಾಲೆಗೆ ಓಡುತ್ತಾನೆ. ಈ ಎಣಿಕೆ ಬಹುಮಟ್ಟಿಗೆ ಸರಿಯೆ. ಇಂಥ ನೋವುಗಳಲ್ಲಿ ಹೆಚ್ಚಿನವು ವೈರಸ್ಸುಗಳಿಂದ ಬಂದು ತಾವಾಗಿಯೇ ಗುಣವಾಗತಕ್ಕವು; ಅವಕ್ಕೆ ಪೆನಿಸಿಲಿನ್ ಕೊಟ್ಟು ಫಲವಿಲ್ಲ. ಆದರೆ ‘ಎ’ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಜೀವಿ ತರುವ ಗಂಟಲುನೋವಿನ ಮಾತು ಬೇರೆ.

ಈ ನೋವು ಮರೆತುಹೋಗಿ ಎರಡು ಮೂರು ವಾರಗಳಾದ ಮೇಲೆ ಕೆಲವು ಮಕ್ಕಳಿಗೆ, ಅದರಲ್ಲಿಯೂ 5ರಿಂದ 15 ವರ್ಷದವರಿಗೆ, ಜ್ವರ ಬರುತ್ತದೆ. ಇಂದು ಮಂಡಿ ಊದಿದರೆ ನಾಳೆ ಮೊಣಕೈ. ಇದೇ ರುಮ್ಯಾಟಿಕ್ ಜ್ವರ. ರೋಗಾಣುವಿನೊಡನೆ ಹೋರಾಡಲು ಎದ್ದ ದೇಹದ ರಕ್ಷಣಾಶಕ್ತಿಯು, ಅದನ್ನು ಹೋಲುವ ತನ್ನ ಅಂಗಾಂಶಗಳನ್ನೇ ಹಗೆಯೆಂದು ಭ್ರಮಿಸುತ್ತದೆ. ಕೀಲುಗಳ ಊತವೇನೋ ಇಳಿದುಹೋಗುತ್ತದೆ. ಹೃದಯದ ಕವಾಟಗಳಿಗೆ ತಗುಲಿದ ಗಾಯ ಎಷ್ಟೋ ವೇಳೆ ಉಳಿದುಬಿಡುತ್ತದೆ.

ಹೃದಯದ ಎಡಭಾಗದ ಮೈಟ್ರಲ್ ಕವಾಟವು ತೆರೆದಾಗ ಅದರ ದ್ವಾರ ದೊಡ್ಡವರಲ್ಲಿ 4ರಿಂದ 6 ಚದರ ಸೆಂಟಿಮೀಟರು. ಗಾಯದ ಕಲೆಯಿಂದ ವರ್ಷಗಳ ತರುವಾಯ ಅದು 1.5ಕ್ಕಿಂತಲೂ ಕಿರಿದಾಯಿತೆನ್ನಿ. ಅಷ್ಟೇ ರಕ್ತವನ್ನು ಹಾಯಿಸಲು ಹಿಂದಿನ ಒತ್ತಡ ಏರಲೇಬೇಕು. ಆ ಒತ್ತಡ ಶ್ವಾಸಕೋಶವನ್ನು ಮುಟ್ಟಿ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ರಬ್ಬರು ಕೊಳವೆಯನ್ನು ಹಿಸುಕಿದಾಗ ನೀರು ಸದ್ದು ಮಾಡುವಂತೆ, ಇಕ್ಕಟ್ಟಿನಲ್ಲಿ ಸುಳಿಗೊಂಡು ಹರಿಯುವ ರಕ್ತವೂ ಸದ್ದು ಮಾಡುತ್ತದೆ. ವೈದ್ಯರು ಸ್ಟೆತಾಸ್ಕೋಪಿನಲ್ಲಿ ಆಲಿಸುವುದು ಅದನ್ನೇ. ಎಷ್ಟೋ ಹೆಣ್ಣುಮಕ್ಕಳಿಗೆ ತಮ್ಮ ಹೃದಯ ಕೆಟ್ಟಿದೆಯೆಂದು ಮೊದಲು ತಿಳಿಯುವುದು ಬಸುರಿಯಾದಾಗ!

ಇದು ತಡೆಯಬಹುದಾದ ರೋಗ. ಅಮೆರಿಕದ ವಯೋಮಿಂಗ್ ಪ್ರಾಂತದ ವಾಯುದಳದ ನೆಲೆಯೊಂದರಲ್ಲಿ ನಡೆದು 1950ರಲ್ಲಿ ಪ್ರಕಟವಾದ ಪರೀಕ್ಷೆಯೇ ಇದನ್ನು ತೋರಿಸಿತು. ಸ್ಟ್ರೆಪ್ಟೊಕಾಕಸ್ ಗಂಟಲುನೋವು ಆರಂಭವಾದ 9 ದಿನಗಳೊಳಗೆ ಪೆನಿಸಿಲಿನ್ ದೊರೆತರೆ ರುಮ್ಯಾಟಿಕ್ ಜ್ವರವನ್ನು ಬಹುಪಾಲು ತಪ್ಪಿಸಬಹುದು. ಒಮ್ಮೆ ಜ್ವರ ಬಂದವರಿಗೆ ಮರುಕಳಿಕೆಯ ಭಯವಿರುವುದರಿಂದ, 3–4 ವಾರಗಳಿಗೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ಬೇಕು. (ಪೆನಿಸಿಲಿನ್ ಒಗ್ಗದವರೂ ಕೆಲವರುಂಟು, ವೈದ್ಯರು ಅದನ್ನು ವಿಚಾರಿಸಿಯೇ ಕೊಡುತ್ತಾರೆ.) 2018ರಲ್ಲಿ ವಿಶ್ವ ಆರೋಗ್ಯ ಸಭೆಯೇ ಈ ರೋಗದ ಬಗ್ಗೆ ಗೊತ್ತುವಳಿಯನ್ನು ಸ್ವೀಕರಿಸಿತು. ಆದರೂ ನೋವಿಲ್ಲದೆ ಆಡಿಕೊಂಡಿರುವ ಮಗುವನ್ನು ಮುಂದಿನ ಚುಚ್ಚುಮದ್ದಿಗಾಗಿ ಕೂಲಿ ಬಿಟ್ಟು, ಬಸ್ಸು ಹಿಡಿದು ಕರೆದೊಯ್ಯುವ ತಾಯಿಯ ಕಷ್ಟವನ್ನು ಗೊತ್ತುವಳಿಗಳು ನೀಗುವುದಿಲ್ಲ. ಅವಳನ್ನು ಅಜ್ಞಾನಿಯೆಂದು ಹಳಿಯುವುದು ನಮಗೆ ಒಪ್ಪಿಗೆಯಲ್ಲ. ಔಷಧವೇ ಅವಳ ಹಳ್ಳಿಯ ಸಮೀಪಕ್ಕೆ ಬರಬೇಕು.

ನಾವು ಉಪಾಧ್ಯಾಯ ವರ್ಗದವರೂ ಒಂದು ಮಾತು ಕೇಳಬೇಕಾಗಿದೆ. ಈ ರೋಗದ ಇನ್ನೊಂದು ರೂಪದಲ್ಲಿ ಮಗುವಿನ ಕೈಕಾಲುಗಳು ತಾವಾಗಿಯೇ ಅದುರುತ್ತವೆ, ಮುಖ ಸೊಟ್ಟಗಾಗುತ್ತದೆ, ಅಕ್ಷರ ಕೆಡುತ್ತದೆ. ಚೇಷ್ಟೆಯೆಂದು ಬೆಂಚಿನ ಮೇಲೆ ನಿಲ್ಲಿಸುವ ಮೊದಲು ಅದನ್ನು ವೈದ್ಯರಿಗೆ ತೋರಿಸುವುದು ಮೇಲು. ಹಾಜರಿ ಪುಸ್ತಕವಂತೂ ಪ್ರತಿ ತರಗತಿಯಲ್ಲಿಯೂ ಇದೆ. ಚುಚ್ಚುಮದ್ದಿನ ದಿನವನ್ನು ಬರೆದಿಡಲು ಅದರಲ್ಲಿ ಒಂದು ಅಂಕಣ ಹೆಚ್ಚಿಸಿದರೆ ಸಾಕು.