ವರ್ಷದ ಶುಲ್ಕ, ಎರಡು ತಿಂಗಳ ವ್ಯಾಯಾಮ

ತುಮಕೂರಿನ ನಮ್ಮ ಬಡಾವಣೆಯಲ್ಲಿದ್ದ ಜಿಮ್ ಒಂದಕ್ಕೆ ನಾನು ಒಂದು ವರ್ಷದ ಶುಲ್ಕವನ್ನು ಮುಂಗಡವಾಗಿ ಕಟ್ಟಿದ್ದೆ. ಎರಡು ತಿಂಗಳು ಕಳೆದಿತ್ತು. ಒಂದು ಸಂಜೆ ಹೋದಾಗ ಬಾಗಿಲಿಗೆ ಬೀಗ. ಗಾಜಿನ ಮೇಲೆ ‘ಮಳಿಗೆ ಬಾಡಿಗೆಗಿದೆ’ ಎಂಬ ಕಾಗದ. ರಸೀದಿ ಕೇಳುವ ವ್ಯವಧಾನವೂ ನನಗೆ ಇರಲಿಲ್ಲವಾದ್ದರಿಂದ ಹತ್ತು ತಿಂಗಳ ಹಣ ಮರೆತುಬಿಡಬೇಕಾಯಿತು.

ಗುಬ್ಬಿಯಲ್ಲಿರುವ ನನ್ನ ತಂಗಿಯ ಮಗ ಮೊನ್ನೆ ಬಂದು, ‘ಮಾವ, ಯಾವ ಜಿಮ್ ಸೇರಲಿ?’ ಎಂದಾಗ ಇದು ನೆನಪಾಯಿತು. ಅವನ ಕಣ್ಣು ತುಮಕೂರಿನ ಹವಾನಿಯಂತ್ರಿತ ಜಿಮ್ಮಿನ ಮೇಲಿತ್ತು. ಜಿಎಸ್‌ಟಿ ಇಳಿದಿರುವುದರಿಂದ ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಲಾಭವೆಂದು ಯಾರೋ ಹೇಳಿದ್ದರಂತೆ.

ಇಳಿದಿರುವುದು ನಿಜ. 2025ರ ಸೆಪ್ಟೆಂಬರ್ 22ರಿಂದ ಜಿಮ್‌ಗಳ ಮೇಲಿನ ತೆರಿಗೆ ಶೇ 18ರಿಂದ ಶೇ 5ಕ್ಕೆ ಬಂದಿದೆ. ಆದರೆ ಯಂತ್ರೋಪಕರಣಗಳ ಮೇಲೆ ತಾನು ತೆತ್ತ ತೆರಿಗೆಯನ್ನು ಮಾಲೀಕ ಇನ್ನು ವಜಾ ಮಾಡಿಕೊಳ್ಳುವಂತಿಲ್ಲ. ಆದ್ದರಿಂದ ಇಳಿಕೆಯೆಲ್ಲವೂ ಗ್ರಾಹಕನ ಕೈಸೇರುತ್ತದೆಂದು ನಂಬಬೇಕಿಲ್ಲ. ಇನ್ನು ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದ ಸಣ್ಣ ಜಿಮ್ ಸಾಮಾನ್ಯವಾಗಿ ನೋಂದಣಿಯನ್ನೇ ಮಾಡಿಸಬೇಕಿಲ್ಲ. ನೋಂದಣಿ ಇಲ್ಲದವರು ತೆರಿಗೆಯ ಹೆಸರಿನಲ್ಲಿ ಹಣ ಪಡೆಯುವಂತೆಯೂ ಇಲ್ಲ. ಗುಬ್ಬಿ, ಕುಣಿಗಲ್‌ಗಳಂತಹ ಊರುಗಳಲ್ಲಿ ಈ ಪ್ರಶ್ನೆ ಕೇಳಿಯೇ ಹಣ ಕೊಡುವುದು ಒಳ್ಳೆಯದು.

ಆದರೆ ನಮ್ಮನ್ನು ಹೆಚ್ಚು ಸುಲಿಯುವುದು ತೆರಿಗೆಯಲ್ಲ, ನಮ್ಮದೇ ಉತ್ಸಾಹ. ಡೆಲ್ಲಾವಿಗ್ನಾ ಮತ್ತು ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಹೆಲ್ತ್ ಕ್ಲಬ್‌ಗಳ 7,752 ಸದಸ್ಯರ ಹಾಜರಿಯನ್ನು ಪರಿಶೀಲಿಸಿ 2006ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ತಿಂಗಳಿಗೆ 70 ಡಾಲರ್‌ಗೂ ಹೆಚ್ಚು ಕಟ್ಟಿದವರು ಸರಾಸರಿ 4.3 ಬಾರಿ ಮಾತ್ರ ಹೋಗಿದ್ದರು. ಪ್ರತಿ ಭೇಟಿಗೆ 17 ಡಾಲರ್ ಮೀರಿ ತೆತ್ತಂತಾಯಿತು. ಹತ್ತು ಭೇಟಿಗಳ ಚೀಟಿ ಕೊಂಡಿದ್ದರೆ ಹತ್ತೇ ಡಾಲರ್ ಸಾಕಿತ್ತು. ದಿನವೂ ಹೋಗುತ್ತೇವೆಂಬ ಭ್ರಮೆಗೆ ಅವರು ಕಟ್ಟಿದ ದಂಡವದು. ಹಳೆಯ ಗರಡಿ ಮನೆಗೆ ಹುಡುಗ ಮೂರು ದಿನ ಬಾರದಿದ್ದರೆ ಉಸ್ತಾದರು ಹೇಳಿಕಳಿಸುತ್ತಿದ್ದರು. ವರ್ಷದ ಹಣ ಕೈಗೆ ಬಂದ ಮೇಲೆ ಈಗಿನ ಮಾಲೀಕನಿಗೆ ನಾವು ಬಾರದಿರುವುದೇ ಅನುಕೂಲ.

ಆದ್ದರಿಂದ ಆಯ್ಕೆ ಮಾಡಬೇಕಾದದ್ದು ಯಂತ್ರಗಳನ್ನಲ್ಲ, ಅವಧಿಯನ್ನು ಮತ್ತು ದೂರವನ್ನು. ತಿಂಗಳ ಲೆಕ್ಕದಲ್ಲಿ ಶುಲ್ಕ ಪಡೆಯಲು ಒಪ್ಪದ ಕಡೆ ಸೇರಬಾರದೆಂಬುದು ನನ್ನ ಅಭಿಪ್ರಾಯ. ಸುಮಾರು ಇಪ್ಪತ್ತು ಕಿಲೋಮೀಟರ್ ಬಸ್ಸಿನಲ್ಲಿ ಬಂದು ತುಮಕೂರಿನಲ್ಲಿ ಭಾರ ಎತ್ತುವ ಗುಬ್ಬಿಯ ಯುವಕ ಮಳೆಗಾಲದವರೆಗೂ ಆ ವ್ರತ ಪಾಲಿಸುವನೆಂದು ನನಗೆ ತೋರುವುದಿಲ್ಲ.

ರಸೀದಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ರಸೀದಿ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಸೇವೆಯಲ್ಲಿ ಲೋಪವಾದರೆ ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅದರ ಉಲ್ಲೇಖವಿಲ್ಲದಿದ್ದರೆ 30 ದಿನಗಳೊಳಗೆ, ಹಣ ಹಿಂತಿರುಗಿಸಲು ನಿರಾಕರಿಸುವುದೂ ಹಾಗೆಯೇ. ದೂರನ್ನು ಗ್ರಾಹಕ ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ ಸಲ್ಲಿಸಬಹುದು. ಅಂದರೆ ಬೆಂಗಳೂರಿನಲ್ಲಿ ಕೆಲಸ ಮಾಡುತ್ತ ಅಲ್ಲಿನ ಜಿಮ್ ಸೇರಿ ಮೋಸಹೋದ ಕುಣಿಗಲ್‌ನವರು ತುಮಕೂರಿನಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿಯವರೆಗಿನ ಪ್ರಕರಣಗಳಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಎರಡು ವರ್ಷಗಳೊಳಗೆ ಹೋಗಬೇಕು. ಇಷ್ಟನ್ನೂ ನಾನು ತಿಳಿದುಕೊಂಡದ್ದು ಹಣ ಹೋದ ಮೇಲೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ನಿಧನರಾದ ನಂತರ ಜಿಮ್‌ಗಳ ಬಗ್ಗೆ ಹುಟ್ಟಿದ ಭೀತಿ ನಮ್ಮ ಜಿಲ್ಲೆಯಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ವ್ಯಾಯಾಮವನ್ನೇ ದೂರುವುದು ತಪ್ಪು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮೊದಲಿನದಕ್ಕೆ ಬಿರುಸು ನಡಿಗೆ ಸಾಕು. ಎರಡನೆಯದಕ್ಕೆ ಜಿಮ್ ಅನುಕೂಲ. ಆದರೆ ಶುಲ್ಕದ ಪಟ್ಟಿ ತೋರಿಸುವ ಮೊದಲು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮನೆತನದಲ್ಲಿ ಹೃದ್ರೋಗ ಉಂಟೇ ಎಂದು ವಿಚಾರಿಸುವ ತರಬೇತುದಾರ ಇರಬೇಕು. ನನ್ನನ್ನು ಆ ಜಿಮ್ಮಿನಲ್ಲಿ ಕೇಳಿದ್ದು ನಗದೋ, ಫೋನ್‌ಪೇಯೋ ಎಂದು ಮಾತ್ರ.

ಹುಡುಗ ಕೊನೆಗೆ ಗುಬ್ಬಿಯಲ್ಲೇ ಸೇರಿದ್ದಾನೆ. ಹವಾನಿಯಂತ್ರಣವಿಲ್ಲ, ಓಡುವ ಯಂತ್ರ ಒಂದೇ ಇದೆ ಎಂದು ಗೊಣಗುತ್ತಾನೆ. ಒಂದು ತಿಂಗಳಿಗೆ ಮಾತ್ರ ಹಣ ಕಟ್ಟಿ, ರಸೀದಿಯ ಚಿತ್ರವನ್ನು ನನಗೆ ಕಳಿಸಿದ್ದಾನೆ.